ಪಾತ್ರೆ ಸ್ಟ್ಯಾಂಡು ಒಪ್ಪಿದ ಆಂಪ್

ಕಿವಿ ಕೇಳದ ಓನರಮ್ಮ ಮಹಡಿ ಹತ್ತಿ ಬಂದು, ನಿನ್ನ ಸದ್ದು ಜಾಸ್ತಿಯಾಯಿತು ಎಂದು ಜಗಳ ತೆಗೆದರೆ ಬಾಡಿಗೆಗಿರುವವಳು ಏನೆಂದು ಉತ್ತರ ಕೊಡಬೇಕು? ನನಗೆ ಮೊದಲು ಬಂದದ್ದು ನಗು. ಅವರ ಮುಖ ನೋಡಿದ ಮೇಲೆ ಅದನ್ನು ನುಂಗಿಕೊಂಡೆ.

ಕುವೆಂಪುನಗರದ ಈ ಮನೆಯ ಮಹಡಿಯಲ್ಲಿ ನಾನೊಬ್ಬಳೇ ಇರುವುದು. ಕೆಳಗೆ ಓನರಮ್ಮ. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಚಟ್ನಿಪುಡಿ, ಸಾಂಬಾರ್ ಪುಡಿ ಮಾಡಿ ಮನೆಯಲ್ಲೇ ಮಾರುತ್ತಾರೆ. ಸುತ್ತಲ ನಾಲ್ಕು ಬೀದಿಯ ಅಡುಗೆಮನೆಗಳಲ್ಲಿ ಅವರದೇ ಘಮ. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಎಲ್ಲವನ್ನೂ ಅರ್ಥಮಾಡಿಕೊಳ್ಳುತ್ತಾರೆ. ಬೆನ್ನ ಹಿಂದೆ ಕುಕ್ಕರ್ ಕೂಗಿದರೆ ಮಾತ್ರ ತಿಳಿಯುವುದಿಲ್ಲ. ಹಾಗೆಂದು ತಮಗೆ ಕಿವಿ ಮಂದವೆಂದು ಅವರು ಒಪ್ಪಿಕೊಂಡವರಲ್ಲ. ಈಚೆಗೆ ಜನರೇ ಮೆಲ್ಲಗೆ ಮಾತಾಡುವುದನ್ನು ಕಲಿತಿದ್ದಾರೆ ಎನ್ನುವುದು ಅವರ ದೂರು.

“ಅದೇನು ಡಬ್ಬ ತಂದ್ಬುಟ್ಟಿದ್ದೀಯ ಕಣಮ್ಮ?” ಎಂದರು ಬಾಗಿಲಲ್ಲೇ ನಿಂತು. “ಸ್ಟ್ಯಾಂಡಲ್ಲಿರೋ ತಟ್ಟೆ ಎಲ್ಲ ಅಲ್ಲಾಡ್ತವೆ. ಗಿರಾಕಿ ಬಂದ್ರು ಅಂತ ಪುಡಿ ಕೈಯಲ್ಲೇ ಎದ್ದೋಡ್ತೀನಿ. ಗೇಟಲ್ಲಿ ಒಬ್ರೂ ಇಲ್ಲ.”

ಆಗ ನನಗೆ ಗೊತ್ತಾಯಿತು. ಗೇಟು ಅವರ ಅಡುಗೆಮನೆಯ ಗೋಡೆಗೇ ಹೊಂದಿಕೊಂಡಿದೆ. ಯಾರಾದರೂ ಅದನ್ನು ತಳ್ಳಿ ಮುಚ್ಚಿದರೆ ಗೋಡೆ ಅದುರಿ, ಗೋಡೆಗೆ ಮೊಳೆ ಹೊಡೆದು ಕೂರಿಸಿದ ಪಾತ್ರೆ ಸ್ಟ್ಯಾಂಡಿನ ಸ್ಟೀಲು ತಟ್ಟೆಗಳು ಅಲ್ಲಾಡುತ್ತವೆ. ಅದನ್ನು ಕಂಡೇ ಅವರು ಗಿರಾಕಿ ಬಂದರೆಂದು ಏಳುವುದು. ಈಗ ಅದೇ ತಟ್ಟೆಗಳನ್ನು ನಾನು ಮಹಡಿಯಲ್ಲಿ ಗಿಟಾರು ನುಡಿಸಿ ಅಲ್ಲಾಡಿಸುತ್ತಿದ್ದೆ. ಅವರ ವ್ಯಾಪಾರಕ್ಕೇ ಕಲ್ಲು ಹಾಕಿದ ಹಾಗಾಯಿತು.

“ಗೇಟಿಗೆ ಒಂದು ಬೆಲ್ ಹಾಕ್ಸಿ, ಅಡುಗೆಮನೇಲಿ ಬಲ್ಬು ಹತ್ತೋ ಹಾಗೆ ಮಾಡ್ಸ್ತೀನಿ ಅಮ್ಮ. ಗಿರಾಕಿ ಬೆಲ್ ಒತ್ತಿದ್ರೆ ನಿಮಗೆ ಬೆಳಕು ಕಾಣುತ್ತೆ,” ಎಂದೆ.

“ಬಲ್ಬು ಯಾಕೆ? ನಂಗೇನು ಕಿವುಡೇ?”

ಆ ಮಾತು ಅಲ್ಲಿಗೇ ಮುಗಿಯಿತು. ಇಳಿಯುವ ಮೊದಲು ಕೊನೆಯದಾಗಿ ಹೇಳಿದರು: “ದಸರಾ ಕಳೆಯೋವರ್ಗೂ ನೋಡ್ತೀನಿ. ಆಮೇಲೆ ಆ ಡಬ್ಬನಾದ್ರೂ ಕಳ್ಸು, ನೀನಾದ್ರೂ ಬೇರೆ ಮನೆ ನೋಡ್ಕೊ.”

ಎರಡನ್ನೂ ಬಿಡುವುದಿಲ್ಲ ಎಂದು ನಾನು ಅವತ್ತೇ ತೀರ್ಮಾನಿಸಿದೆ. ನನ್ನ ಹಠ ನಮ್ಮ ಮನೆಯವರಿಗೆಲ್ಲ ಗೊತ್ತು. ಮದುವೆಯ ಮಾತನ್ನು ಇಷ್ಟು ವರ್ಷ ಮುಂದೂಡಿದವಳಿಗೆ ಒಂದು ಪೆಟ್ಟಿಗೆಯನ್ನು ಉಳಿಸಿಕೊಳ್ಳುವುದು ದೊಡ್ಡದಲ್ಲ ಅಂದುಕೊಂಡೆ.

ಆ ಬೇಸ್ ಗಿಟಾರು, ಅದರ ಸದ್ದನ್ನು ದೊಡ್ಡದು ಮಾಡುವ ಆಂಪ್ ಎಂಬ ಸ್ಪೀಕರ್ ಪೆಟ್ಟಿಗೆ, ಎರಡೂ ನನಗೆ ಸುಲಭವಾಗಿ ಸಿಕ್ಕಿದ್ದಲ್ಲ. ಹೆಬ್ಬಾಳದ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ನನ್ನ ಕೆಲಸ. ಅಲ್ಲಿ ಯಂತ್ರ ತಗಡಿನ ಮೇಲೆ ಬೀಳುವ ಸದ್ದಿಗೆ ಇಡೀ ಶಿಫ್ಟು ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡೇ ನಿಲ್ಲಬೇಕು. ಆಯುಧಪೂಜೆಯ ಕಾರ್ಯಕ್ರಮಕ್ಕೆಂದು ಕಾರ್ಖಾನೆಯವರೇ ಕಟ್ಟಿಕೊಂಡ ಆರ್ಕೆಸ್ಟ್ರಾದಲ್ಲಿ ಯಾರಿಗೂ ಬೇಡವಾಗಿ ಮೂಲೆಯಲ್ಲಿದ್ದ ಬೇಸ್ ಗಿಟಾರು ನನ್ನ ಪಾಲಿಗೆ ಬಂತು. ಮೀಟಿದ ಮೊದಲ ದಿನವೇ ಅದರ ದಪ್ಪ ತಂತಿಯ ಸದ್ದು ಹೊಟ್ಟೆಯೊಳಗೆ ಇಳಿಯಿತು. ಕಿವಿ ಮುಚ್ಚಿಕೊಳ್ಳಬೇಕಿಲ್ಲದ ದೊಡ್ಡ ಸದ್ದೂ ಒಂದು ಇದೆಯಲ್ಲ ಎಂದು ಅವತ್ತು ಬಹಳ ಸಂತೋಷವಾಗಿತ್ತು. ಆಮೇಲೆ ಹೊರಗಿನ ಆರ್ಕೆಸ್ಟ್ರಾಗಳೂ ಕರೆಯತೊಡಗಿದವು. ಗಣೇಶ, ರಾಜ್ಯೋತ್ಸವ, ಆರತಕ್ಷತೆ.

ಬೇಸ್ ನುಡಿಸುವವರನ್ನು ಯಾರೂ ಗಮನಿಸುವುದಿಲ್ಲ. ಹಾಡುವವರಿಗೆ ಚಪ್ಪಾಳೆ, ಕೀಬೋರ್ಡಿನವರಿಗೆ ಶಾಲು, ಡ್ರಮ್ಮಿನವರ ಪಕ್ಕ ನಿಂತು ಸೆಲ್ಫಿ. ನನ್ನನ್ನು ಕಾರ್ಯಕ್ರಮದ ಸಂಚಾಲಕರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: “ಮೇಡಂ, ನಿಮ್ಮ ಗಿಟಾರಲ್ಲಿ ಎರಡು ತಂತಿ ಕಿತ್ತೋಗಿದ್ಯಾ?” ನಾಲ್ಕೇ ತಂತಿ ಇರುವ ಗಿಟಾರೂ ಉಂಟೆಂದು ವಿವರಿಸುವಷ್ಟರಲ್ಲಿ ಅವರು ಊಟದ ಪಂಕ್ತಿಯ ಕಡೆ ನಡೆದಿದ್ದರು. ಮೈಕ್‌ಸೆಟ್ಟಿನವರಂತೂ ಮೊದಲು ತಗ್ಗಿಸುವುದೇ ನನ್ನ ಸದ್ದನ್ನು. ಹಾಗಾಗಿ ನನ್ನದೇ ಒಂದು ಬೇಸ್, ನನ್ನದೇ ಒಂದು ಆಂಪ್ ಇರಬೇಕು ಎಂದು ಹೊರಟೆ.

ಅಂಗಡಿಗಳಲ್ಲಿ ಕೇಳುತ್ತಿದ್ದ ಮೊದಲ ಮಾತು, “ಯಾರಿಗೆ ಮೇಡಂ, ಮಗನಿಗಾ?” ನನಗೇ ಎಂದರೆ ಅಂಗಡಿಯವರು ತಾವೇ ಕೈಗೆತ್ತಿಕೊಂಡು ಪಟಪಟ ಬಾರಿಸಿ ತೋರಿಸುತ್ತಿದ್ದರು. ಅವರ ಕೈಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ಅದರಿಂದ ನನಗೇನು? ಕೊಡಿ ಇಲ್ಲಿ ಎಂದು ಕಿತ್ತುಕೊಂಡು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಒಂದರ ಕತ್ತು ಒನಕೆಯಷ್ಟು ದಪ್ಪ. ಒಂದರ ತಂತಿಗಳು ಎಷ್ಟು ಎತ್ತರವೆಂದರೆ ಒತ್ತಿ ಒತ್ತಿ ಬೆರಳು ನೋಯುತ್ತಿತ್ತು. ಇನ್ನೊಂದು ನೋಡಲು ಹೊಳೆಯುತ್ತಿತ್ತು, ಕೈ ಬಿಟ್ಟರೆ ತಲೆಯ ಕಡೆ ವಾಲಿ ಎಡಗೈ ಅದನ್ನು ಹೊರುವುದರಲ್ಲೇ ಸೋಲುತ್ತಿತ್ತು. ಕಡೆಗೆ ದಟ್ಟಗಳ್ಳಿಯಲ್ಲಿ, ಆರ್ಕೆಸ್ಟ್ರಾ ಬಿಟ್ಟು ಅಡುಗೆ ಕಾಂಟ್ರಾಕ್ಟ್ ಹಿಡಿದಿದ್ದವರೊಬ್ಬರ ಮನೆಯಲ್ಲಿ ನನ್ನದು ಸಿಕ್ಕಿತು. ಅವರ ಅಂಗೈಗೆ ಸವೆದು ನುಣುಪಾದ ಕತ್ತು ನನ್ನ ಅಂಗೈಗೂ ಸರಿಹೋಯಿತು. ಜೊತೆಗೆ ಅವರ ಆಂಪ್: ಹದಿನೈದು ಇಂಚಿನ ಸ್ಪೀಕರಿನ ಹಳೆಯ ಪೆಟ್ಟಿಗೆ, ಇಬ್ಬರು ಹಿಡಿದರೂ ಏದುಸಿರು. ಮೂಲೆಯಲ್ಲಿ ವರ್ಷವರ್ಷದ ಆಯುಧಪೂಜೆಯ ಕುಂಕುಮ ಮೆತ್ತಿತ್ತು. ದಪ್ಪ ತಂತಿ ಮೀಟಿದರೆ ಅದು ಕೂಗುವುದಿಲ್ಲ, ಎದುರು ಕೂತು ಮಾತಾಡುತ್ತದೆ. ಅಂಥದ್ದನ್ನೇ ಓನರಮ್ಮ ಕಳಿಸು ಎಂದದ್ದು.

ಹೆಡ್‌ಫೋನ್ ಹಾಕಿಕೋ ಎಂದು ಸಲಹೆ ಕೊಟ್ಟವರಿಗೆ ಲೆಕ್ಕವಿಲ್ಲ. ಇಡೀ ದಿನ ಕಿವಿ ಮುಚ್ಚಿಕೊಂಡು ದುಡಿದು ಬಂದು, ಮನೆಯಲ್ಲೂ ಕಿವಿ ಮುಚ್ಚಿಕೊಂಡು ನುಡಿಸಬೇಕಂತೆ. ಅದು ಮಾತ್ರ ನನ್ನಿಂದ ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

ಉಳಿದ ದಾರಿ ಒಂದೇ, ತಟ್ಟೆ ಅಲ್ಲಾಡಿಸದ ಆಂಪ್ ಹುಡುಕುವುದು. ಓನರಮ್ಮನ ಹತ್ತಿರ ಸ್ಟ್ಯಾಂಡಿನ ಒಂದು ತಟ್ಟೆ ಕೇಳಿದೆ. ಯಾಕೆಂದು ಕೇಳದೆ, ಅಂಚಿನಲ್ಲಿ ತಮ್ಮ ಹೆಸರು ಕೆತ್ತಿಸಿದ ಊಟದ ತಟ್ಟೆ ಕೊಟ್ಟರು. “ಹೆಸ್ರಿದೆ, ಕಳೀಬೇಡ,” ಎಂದರು ಅಷ್ಟೇ. ಅದನ್ನು ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ, ಆಂಪಿನ ಪಕ್ಕದ ಗೋಡೆಗೆ ಒರಗಿಸಿ ನುಡಿಸಿದೆ. ಅಂಗಡಿಯವರು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು.

“ಊಟ ತರಿಸ್ಲಾ ಮೇಡಂ?” ಎಂದರು ಆಮೇಲೆ.

ನಗುವವರು ನಗಲಿ. ತಟ್ಟೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಗೆದ್ದೆ ಎಂದುಕೊಂಡು, ಎರಡು ದಿನ ಇಟ್ಟುಕೊಂಡು ನೋಡುತ್ತೇನೆಂದು ಒಪ್ಪಿಸಿ ಆ ಆಂಪನ್ನು ಆಟೋದಲ್ಲಿ ತಂದೆ. ಸಂಜೆ ಮೊದಲ ತಂತಿ ಮೀಟಿದ್ದೇ ತಡ, ಕೆಳಗಿನಿಂದ ನೀರಿನ ಪೈಪಿನ ಮೇಲೆ ಟಣ್ ಟಣ್ ಎಂದು ಸೌಟಿನ ಪೆಟ್ಟು. ತಟ್ಟೆ ಅಲ್ಲಾಡಿದರೆ ಸೌಟಿನಲ್ಲಿ ಪೈಪ್ ಕುಟ್ಟಿ ಹೇಳಿ ಎಂದು ನಾನೇ ಹೇಳಿಕೊಟ್ಟಿದ್ದೆ. ತಟ್ಟೆ ಒಂದನ್ನೇ ಹೊತ್ತುಕೊಂಡು ಹೋಗಿ ಏನು ಪ್ರಯೋಜನ? ಅಲ್ಲಾಡುತ್ತಿದ್ದದ್ದು ಈ ಮನೆಯ ಗೋಡೆ, ಅದಕ್ಕೆ ಮೊಳೆ ಹೊಡೆದ ಸ್ಟ್ಯಾಂಡು. ಅವನ್ನು ಚೀಲದಲ್ಲಿ ಒಯ್ಯಲಾಗುವುದಿಲ್ಲವಲ್ಲ. ಆಂಪ್ ಮರುದಿನ ವಾಪಸ್ಸು ಹೋಯಿತು.

ಆಮೇಲೆ ಆಂಪುಗಳನ್ನೇ ಮನೆಗೆ ತರತೊಡಗಿದೆ. ಒಂದು ಅಂಗಡಿಯದು, ಒಂದು ಗೆಳತಿಯ ಅಣ್ಣನದು, ಒಂದು ಫೋನಿನ ಆ್ಯಪಿನಲ್ಲಿ ಕಂಡದ್ದು. ಮೆಟ್ಟಿಲು ಹತ್ತಿಸುವುದು, ನುಡಿಸುವುದು, ಸೌಟಿನ ತೀರ್ಪು ಕೇಳುವುದು, ಇಳಿಸುವುದು. ಸೊಂಟ ಬಿದ್ದುಹೋಯಿತು. ಓನರಮ್ಮನೂ ಈ ಕೆಲಸದಲ್ಲಿ ಸೇರಿಕೊಂಡುಬಿಟ್ಟರು. ಸಂಜೆ ಪುಡಿ ಜರಡಿ ಹಿಡಿಯುತ್ತ ಸ್ಟ್ಯಾಂಡಿನ ಎದುರೇ ಮಣೆ ಹಾಕಿಕೊಂಡು ಕೂರುತ್ತಿದ್ದರು. ಮೆಟ್ಟಿಲಲ್ಲಿ ಸಿಕ್ಕಾಗ ವರದಿ ಒಪ್ಪಿಸುತ್ತಿದ್ದರು: “ನಿನ್ನೇದು ಬರೀ ಲೋಟ ಅಲ್ಲಾಡುಸ್ತು ಕಣಮ್ಮ. ಮೊನ್ನೇದೇ ವಾಸಿ, ದೊಡ್ಡ ತಟ್ಟೆವರ್ಗೂ ಹೋಗಿತ್ತು.” ಯಾವುದು ವಾಸಿ, ಯಾವುದು ಮೋಸ ಎಂಬ ಅವರ ಅಳತೆ ನನ್ನದಕ್ಕೆ ಹೆಚ್ಚು ಕಡಿಮೆ ಹೊಂದುತ್ತಿತ್ತು. ಅದನ್ನು ನಾನು ಆಗ ಅಷ್ಟಾಗಿ ಗಮನಿಸಲಿಲ್ಲ. ದಸರಾ ಹತ್ತಿರ ಬರುತ್ತಿತ್ತು, ನನ್ನ ತಲೆ ತುಂಬ ಅದೇ ಇತ್ತು.

ಕೊನೆಗೆ ಸಿಕ್ಕಿದ್ದು ಒಂದು ಕೈಯಲ್ಲಿ ಎತ್ತಬಹುದಾದ ಪುಟ್ಟ ಆಂಪ್. ಹಳೆಯ ಹಾಸಿಗೆ ಮಡಿಸಿ ಅದರ ಮೇಲೆ ಕೂರಿಸಿದೆ. ಸೌಟು ಕುಟ್ಟಲಿಲ್ಲ. ಮತ್ತೆ ನುಡಿಸಿದೆ, ಆಗಲೂ ಇಲ್ಲ. ಆದರೆ ಅದರಲ್ಲಿ ದಪ್ಪ ತಂತಿಯ ಸದ್ದು ಖಾಲಿ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆದ ಹಾಗಿತ್ತು. ಸೋತೆ ಎನ್ನಲು ಮನಸ್ಸು ಬರಲಿಲ್ಲ, ಹೊಂದಿಸಿಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆ ಉಳಿಯಿತು, ಬೇಸೂ ಉಳಿಯಿತು. ದೊಡ್ಡ ಆಂಪಿನ ಫೋಟೋ ತೆಗೆದು ಮಾರಾಟಕ್ಕಿದೆ ಎಂದು ಹಾಕಿದೆ. ಕೊನೆಯ ರೇಟು ಹೇಳಿ ಎಂದವರೇ ಎಲ್ಲರೂ. ಒಬ್ಬರಂತೂ ಹಳೆಯ ವಾಷಿಂಗ್ ಮೆಷಿನ್ ಕೊಡುತ್ತೇನೆ, ಬದಲಿಗೆ ಕೊಡುತ್ತೀರಾ ಎಂದರು.

ಆಯುಧಪೂಜೆಗೆ ಎರಡು ದಿನವಿದೆ ಎನ್ನುವಾಗ ನಿಜವಾದ ಗಿರಾಕಿ ಬಂದರು. ಆರ್ಕೆಸ್ಟ್ರಾದಲ್ಲಿ ನುಡಿಸುವವರೇ, ನನಗಿಂತ ಹಿರಿಯರು, ಕೈ ಬಲು ಚುರುಕು. ಪೂಜೆಗೆ ಮೊದಲು ಮನೆ ತುಂಬಿಸಿಕೊಳ್ಳಬೇಕು ಎಂದರು. ನನ್ನ ಬೇಸನ್ನೇ ದೊಡ್ಡ ಆಂಪಿಗೆ ಸಿಕ್ಕಿಸಿ ಬಾರಿಸಿದರು. ಹೊಡೆತ, ಎಳೆತ, ಮೇಲಿಂದ ಕೆಳಗೆ ಒಂದೇ ಓಟ. ನನಗಿಂತ ಚೆನ್ನಾಗಿ ನುಡಿಸುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಈಗ ಸೌಟು ಕುಟ್ಟುತ್ತದೆ ಎಂದು ಕಾದೆ. ಕುಟ್ಟಲಿಲ್ಲ. ಬದಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು.

ಓನರಮ್ಮ ಬಾಗಿಲಿಗೆ ಬಂದರು. ಮೊಣಕೈವರೆಗೆ ಸಾಂಬಾರ್ ಪುಡಿ. ಬಂದವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಅದೇ ಅನ್ಕೊಂಡೆ, ಬಾರ್ಸಿದ್ದು ನೀನಲ್ಲ ಅಂತ,” ಎಂದರು.

ನಾನು ಅವರ ಎದುರಿಗೆ ಹೋಗಿ ನಿಂತು ಕೇಳಿದೆ, “ನಿಮಗೆ ಹೇಗೆ ಗೊತ್ತಾಯ್ತಮ್ಮ?”

“ನೀನು ಬಾರ್ಸಿದ್ರೆ ಮೊದ್ಲು ದೊಡ್ಡ ತಟ್ಟೆ, ಆಮೇಲೆ ಸಣ್ಣ ತಟ್ಟೆ, ಆಮೇಲೆ ಲೋಟ. ಒಂದು ನಿಂತ ಮೇಲೆ ಇನ್ನೊಂದು. ಇವ್ರು ಎಲ್ಲಾನೂ ಒಟ್ಗೆ ಜಾಡ್ಸ್ಬುಡ್ತಾರೆ.” ಹಾಗೇ ಮುಂದುವರಿಸಿದರು: “ಒಂದು ವಾರದಿಂದ ಯಾಕೆ ಬಾರ್ಸ್ತಿಲ್ಲ? ಮೈ ಹುಷಾರಿಲ್ವೇನೋ ಅಂತ ಕೇಳೋಣ ಅನ್ಕೊಂಡಿದ್ದೆ.”

“ದಿನಾ ಬಾರಿಸ್ತಾನೇ ಇದ್ದೆ ಅಮ್ಮ.”

“ನನ್ನ ತನಕ ಬರ್ಲಿಲ್ಲ,” ಎಂದರು.

ಇಷ್ಟು ವರ್ಷ ಎಷ್ಟೋ ವೇದಿಕೆಯ ಮೇಲೆ ನುಡಿಸಿದ್ದೇನೆ. ನಾನು ನುಡಿಸುತ್ತಿದ್ದೇನೆ ಎಂದು ಗುರುತು ಹಿಡಿದವರು ಒಬ್ಬರೂ ಇರಲಿಲ್ಲ. ಅವತ್ತು ನನಗೆ ಅಳು ಬಂತು, ಬಂದವರ ಎದುರೇ ಬಂತು, ಅದಕ್ಕೆ ನಾಚಿಕೆಯೂ ಆಗಲಿಲ್ಲ.

ಆಂಪ್ ಮಾರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಆ ಹಿರಿಯರಿಗೆ ಕೈ ಮುಗಿದೆ. ಅವರಿಗೆ ಸಿಟ್ಟು ಬಂತು, ಬರಬೇಕಾದದ್ದೇ. “ಆಟೋ ಮಾಡ್ಕೊಂಡು ಬಂದಿದ್ದೀನಿ ಕಣ್ರೀ, ಇದೇನು ಮಕ್ಕಳಾಟ?” ಎಂದರು. ಓನರಮ್ಮ ಅವರ ತುಟಿಯನ್ನೇ ನೋಡುತ್ತಿದ್ದರು. ಕೆಳಗೆ ಹೋಗಿ ಒಂದು ಪೊಟ್ಟಣ ಚಟ್ನಿಪುಡಿ ತಂದು ಅವರ ಕೈಗಿಟ್ಟರು. ಅವರು ಗೊಣಗುತ್ತ ಅದನ್ನು ಜೇಬಿಗಿಳಿಸಿ ಹೊರಟರು. ಗೇಟು ಮುಚ್ಚಿದ ಸದ್ದು ನನಗೆ ಕೇಳಿಸಿತು.

ಓನರಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದರು. ದೊಡ್ಡ ಆಂಪಿನ ಮೂಲೆಯ ಕುಂಕುಮವನ್ನು ನೋಡಿ, ಪೂಜೆಗೆ ಮೊದಲು ಇದನ್ನೊಮ್ಮೆ ಒರೆಸು ಎಂದರು. ಆಮೇಲೆ ಮೆಟ್ಟಿಲ ಕಡೆ ತಿರುಗಿ, ನನ್ನ ಉತ್ತರ ಕಾಣಿಸದ ಹಾಗೆ ಬೆನ್ನು ಹಾಕಿಕೊಂಡೇ ಹೇಳಿದರು:

“ಅಡುಗೆಮನೆಗೆ ಅದೇನೋ ಬಲ್ಬು ಅಂತಿದ್ಯಲ್ಲ, ಹಾಕ್ಸ್ಬುಡು. ಸಂಜೆ ಹೊತ್ತು ಬೆಳಕು ಸಾಲ್ತಿಲ್ಲ.”