ಆಡಿ ತಿಂಗಳಲ್ಲಿ ಬಂದ ಚೀನಾ ಇಂಜಿನಿಯರು

ತಿರುಪ್ಪೂರಿನ ಆಫೀಸಿನಲ್ಲಿ ನನ್ನ ಮೊದಲ ದಿನವೇ ಯಜಮಾನರು ಚೀನಾ ದೇಶವನ್ನು ಬಾಯಿತುಂಬ ಬೈಯುತ್ತಿದ್ದರು. ಟಿವಿಯಲ್ಲಿ ಗಡಿಯ ಸುದ್ದಿ. "ಅವರನ್ನ ನಂಬಲೇಬಾರದು" ಎನ್ನುತ್ತಲೇ ಮುಂದಿದ್ದ ರಟ್ಟಿನ ಪೆಟ್ಟಿಗೆಯ ಟೇಪನ್ನು, ನಿದ್ದೆ ಹೋದ ಮಗುವಿನ ಅಂಗಿ ತೆಗೆಯುವ ಹಾಗೆ, ಮೆಲ್ಲಗೆ ಬಿಡಿಸಿದರು. ಒಳಗೆ ಹೆಣಿಗೆ ಯಂತ್ರದ ಸೂಜಿಗಳು. ಪೆಟ್ಟಿಗೆಯ ಮೇಲೆಲ್ಲ ಚೀನೀ ಅಕ್ಷರ. ಗೋದಾಮಿಗೆ ಹೋಗಿ ನೋಡಿದರೆ ಗುಂಡಿ, ಜಿಪ್ಪು, ಲೇಸು ಎಲ್ಲ ಅಲ್ಲಿಯದೇ. ದಾವಣಗೆರೆಯಿಂದ ಬಂದ ನನಗೆ ದಿಗಿಲಾಯಿತು. ಬೈಯುವುದಾದರೆ ಕೊಳ್ಳಬಾರದು, ಕೊಳ್ಳುವುದಾದರೆ ಬೈಯಬಾರದು ಎಂಬುದು ನಮ್ಮ ಕಡೆಯ ಲೆಕ್ಕ.

ಆ ಲೆಕ್ಕ ಇಲ್ಲಿ ನಡೆಯುವುದಿಲ್ಲವೆಂದು ಬೇಗ ತಿಳಿಯಿತು. ನನ್ನ ಸ್ಕೂಟರಿನ ಕೆಎ ನಂಬರ್ ಕಂಡ ಟೀ ಅಂಗಡಿಯವರು "ತಣ್ಣಿ ಎಪ್ಪೋ ವಿಡುವೀಂಗ?" ಎಂದು ಕೇಳುತ್ತಾರೆ. ನೀರು ಯಾವಾಗ ಬಿಡ್ತೀರಿ ಎಂದರ್ಥ. ಕೇಳಿ ಮುಗಿಯುವಷ್ಟರಲ್ಲಿ ಬಿಸಿ ಟೀ ಕೈಗಿಟ್ಟು, ಅದರ ಮೇಲೊಂದು ಬಜ್ಜಿಯನ್ನೂ ಇಡುತ್ತಾರೆ. ಊರಲ್ಲಿ ನನ್ನ ಮಾವನೂ ತಮಿಳರ ಮೇಲೆ ಗುರ್ ಎನ್ನುವವನೇ, ಆದರೆ ಅವನು ಹಾಕುವ ಬನಿಯನ್ ತಿರುಪ್ಪೂರಿನದು. ನೆರೆಯವರೊಂದಿಗೆ ಬಾಳುವುದೆಂದರೆ ಹೀಗೇ ಇರಬೇಕು.

ನಮ್ಮ ಯಜಮಾನರ ಹೆಸರು ದೇವರಾಜ್. ಎಲ್ಲರಿಗೂ ಅಣ್ಣ. ಅವರ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದು ಕಾರಮಡೈ ಕಡೆ ಬೇಸಾಯಕ್ಕೆ ನಿಂತವರಂತೆ. ಈಗ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ. ಉಡುಪು ಹೊಲಿಯುವ ಕಾರ್ಖಾನೆಗೆಲ್ಲ ಇಲ್ಲಿ ಅದೇ ಹೆಸರು. ಮನೆಮಾತು ಕನ್ನಡ, ಆದರೆ ಓದಲು ಬರುವುದಿಲ್ಲ. ಬಾಡಿಗೆಗೆ ಮನೆ ಹುಡುಕಿ ಹುಡುಕಿ ಸಾಕಾಗಿದ್ದಾಗ ತಮ್ಮ ಮನೆಯ ಹಿಂದಿನ ಭಾಗವನ್ನು ನನಗೆ ಕೊಡಿಸಿದವರು ಅಣ್ಣನ ತಾಯಿ. ಅವರನ್ನು ನಾವೆಲ್ಲ ಅವ್ವ ಎನ್ನುತ್ತೇವೆ. ಅವರಿಗೆ ನಾನು 'ಅಮ್ಮಣಿ', ಈ ಕಡೆ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ಮೊದಮೊದಲು ಒಂಟಿತನಕ್ಕೆ ಅಳು ಬಂದಾಗೆಲ್ಲ ಅವ್ವನ ಅಡುಗೆಮನೆಯಲ್ಲಿ ಕೂತು ಅರಿಸಿ ಪರುಪ್ಪು ಸಾದಂ ತಿನ್ನುತ್ತಿದ್ದೆ. ಅಕ್ಕಿ, ಬೇಳೆ ಒಟ್ಟಿಗೆ ಬೇಯಿಸಿದ ಅನ್ನ ಅದು. ನಮ್ಮ ಬಿಸಿಬೇಳೆಬಾತಿನ ಬಿಂಕ ಅದಕ್ಕಿಲ್ಲ, ತಿಂದರೆ ಹೊಟ್ಟೆ ತಣ್ಣಗಾಗುತ್ತದೆ.

ನನ್ನ ಕೆಲಸ ರಫ್ತು, ಆಮದಿನ ಕಾಗದಪತ್ರ. ಬಣ್ಣದ ಪಟ್ಟೆ ಹೆಣೆಯುವ ಒಂದು ದೊಡ್ಡ ಯಂತ್ರ ಚೀನಾದಿಂದ ಬಂದು ಟಾರ್ಪಾಲಿನ ಕೆಳಗೆ ಮಲಗಿತ್ತು. ಕೂರಿಸಿ ಓಡಿಸಲು ಅಲ್ಲಿಯ ಇಂಜಿನಿಯರೇ ಬರಬೇಕು. ಅವರಿಗೆ ವೀಸಾ ಇಲ್ಲ. ಯಂತ್ರಕ್ಕೆ ದಾಟಲು ಬಿಟ್ಟ ಗಡಿ, ಅದರ ಕೀಲು ತಿಳಿದ ಮನುಷ್ಯನನ್ನು ಬಿಡಲಿಲ್ಲ. ವಿಡಿಯೊ ಕಾಲ್‌ನಲ್ಲಿ ನೋಡಿಕೊಂಡು ಕೂರಿಸಲು ಹೋಗಿ ನಮ್ಮವರು ಕೈಸೋತರು. ಇತ್ತ ಮಕ್ಕಳ ಪಟ್ಟೆ ಅಂಗಿಗೆ ಹೊರದೇಶದ ಆರ್ಡರ್ ಕಾದಿತ್ತು. ಮಾದರಿ ಬಟ್ಟೆ ಕಳಿಸದಿದ್ದರೆ ಅದು ಢಾಕಾ ಕಡೆಗೆ ಹೋಗುವುದು ಖಚಿತ.

ಎರಡೂ ದೇಶದ ದೊಡ್ಡವರು ಕೈಕುಲುಕಿದ ಫೋಟೊ ಪತ್ರಿಕೆಯಲ್ಲಿ ಬಂದ ಮೇಲೆ ನಮ್ಮ ಅರ್ಜಿಗೂ ಜೀವ ಬಂತು. "ಯಾವಾಗ ಬರಲಿ?" ಎಂದು ಅಲ್ಲಿಂದ ಕೇಳಿದರು. ಆಷಾಢದಲ್ಲಿ ಹೊಸದೇನೂ ಶುರುಮಾಡಬಾರದು ಎಂಬುದು ನನಗೆ ಗೊತ್ತಿಲ್ಲವೇ? ಅಮ್ಮ ಕಳಿಸಿದ ಕನ್ನಡ ಕ್ಯಾಲೆಂಡರ್ ನೋಡಿ, ಅಮಾವಾಸ್ಯೆ ಕಳೆದು ಶ್ರಾವಣ ಹುಟ್ಟುವ ವಾರಕ್ಕೆ ಗೊತ್ತುಮಾಡಿದೆ. ಎಷ್ಟು ಜಾಣೆ ನಾನು ಎಂದು ಬೀಗಿದ್ದೂ ಉಂಟು. ವೀಸಾ ಸಿಕ್ಕೀತೆಂಬ ನಂಬಿಕೆಯೇ ಇಲ್ಲದ ಅಣ್ಣ ತಾರೀಖಿನ ಕಡೆ ಕಣ್ಣೂ ಹಾಯಿಸಲಿಲ್ಲ.

ಲಿನ್ ಎಂಬ ಆ ಇಂಜಿನಿಯರ್ ಬಂದರು. ಸಣಕಲು ಮೈ, ಸದಾ ನಗುಮುಖ. ಫೋನಿಗೆ ಚೀನೀ ಹೇಳಿದರೆ ಅದು ತಮಿಳಿನಲ್ಲಿ ಮಾತಾಡುತ್ತಿತ್ತು. ಅದರ ಗ್ರಂಥದ ತಮಿಳು ಕೇಳಿ ಕೆಲಸದವರು ಬಿದ್ದು ಬಿದ್ದು ನಕ್ಕರು. ಯಂತ್ರ ಕೂತಿತು, ನೂಲು ಏರಿತು. ಇನ್ನೇನು ಗುಂಡಿ ಒತ್ತಬೇಕು, ಅವ್ವ ಬಂದರು.

"ಯಾರು ನಾಳು ನೋಡ್ದೋರು?"

ದಿನ ಗೊತ್ತುಮಾಡಿದವಳು ನಾನೇ, ಎಲ್ಲರೂ ನನ್ನತ್ತ ತಿರುಗಿದರು. "ಆಷಾಢ ಮುಗೀತಲ್ಲ ಅವ್ವ, ಶ್ರಾವಣ ಬಂತು" ಎಂದೆ.

"ಎಲ್ಲಿ ಬಂತು ಅಮ್ಮಣಿ? ಆಡಿ ನಡೀತಾ ಅದೆ. ಮಾರಿಯಮ್ಮನ ಕೋಯಿಲ್ನಾಗೆ ನಿನ್ನೆ ತಾನೆ ಕೂಳು ಕುಡ್ದೆಯಲ್ಲ!"

ಕುಡಿದಿದ್ದೆ. ಆಡಿಯಲ್ಲಿ ಮಾರಿಯಮ್ಮನ ಗುಡಿಯಲ್ಲಿ ಹಂಚುವ ಆ ಅಂಬಲಿಯನ್ನು ಎರಡು ಲೋಟ ಕುಡಿದಿದ್ದೆ. ನಮ್ಮ ತಿಂಗಳು ಚಂದ್ರನ ಹಿಂದೆ ಹೋಗುತ್ತದೆ, ಇವರದು ಸೂರ್ಯನ ಹಿಂದೆ. ನಮ್ಮ ಆಷಾಢ ಮುಗಿದರೂ ಇವರ ಆಡಿ ಮುಗಿಯಲು ಇನ್ನೂ ಬಹಳ ದಿನವಿತ್ತು. ಅಷ್ಟರೊಳಗೆ ಲಿನ್ ಅವರ ವೀಸಾ ತೀರುತ್ತಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಣ್ಣ ಉಪಾಯ ಹುಡುಕಿದರು. "ಆಡಿ ಪದಿನೆಟ್ಟು ಇದೆಯಲ್ಲವ್ವ, ಅವತ್ತು ಓಡಿಸೋಣ." ಆಡಿಯ ಹದಿನೆಂಟನೇ ದಿನ ಹೊಳೆಗೆ ಹೊಸ ನೀರು ಬಂದ ಹಬ್ಬ. ಕೆಟ್ಟ ತಿಂಗಳ ನಡುವೆ ಅದೊಂದು ಒಳ್ಳೆಯ ದಿನ.

"ನಮ್ ಊರು ಮಿಷಿನಾದ್ರೆ ಸರಿ. ಇದು ಸೀನಾಕಾರಂದು. ನಂಬಿಕೇನೇ ಇಲ್ದೋರ ಸಾಮಾನಿಗೆ ನಾಳಾದ್ರೂ ಗಟ್ಟಿ ಇರಬೇಡ್ವಾ? ಆವಣಿ ಹುಟ್ಲಿ." ಆವಣಿಯೆಂದರೆ ಆಡಿಯ ಮುಂದಿನ ತಿಂಗಳು.

ಅಣ್ಣ ಕುರ್ಚಿಯಲ್ಲಿ ಕುಸಿದರು. "ಡೆಲ್ಲಿ, ಬೀಜಿಂಗು ಎರಡನ್ನೂ ಒಪ್ಪಿಸಿದ್ವಿ ಅಮ್ಮಣಿ. ಇವರನ್ನ ಒಪ್ಪಿಸೋದು ಯಾರು?"

ಏನಾಯಿತೆಂದು ಲಿನ್ ಕಣ್ಣಲ್ಲೇ ಕೇಳಿದರು. ನಾಚಿಕೆ ನುಂಗಿಕೊಂಡು ಫೋನಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ಗಂಭೀರವಾಗಿ ತಲೆಯಾಡಿಸಿ ಫೋನಿಗೆ ಏನೋ ಹೇಳಿದರು. ಫೋನು ತೋರಿಸಿದ್ದನ್ನು ಓದಿ ನಾನು ಅವ್ವನಿಗೆ ಕನ್ನಡದಲ್ಲಿ ತಿಳಿಸಿದೆ: "ಅವರಲ್ಲೂ ಇಂಥ ತಿಂಗಳಿದೆಯಂತೆ ಅವ್ವ, ಏಳನೇದು. ಸತ್ತ ಹಿರಿಯರೆಲ್ಲ ಭೂಮಿಗೆ ಬಂದು ಓಡಾಡ್ತಾರಂತೆ. ಆಗ ಮದುವೆ ಮಾಡಲ್ಲ, ಹೊಸ ಅಂಗಡಿ ತೆಗೆಯಲ್ಲ. ಇವರು ಆ ತಿಂಗಳಲ್ಲಿ ಮನೆ ಬದಲಾಯಿಸೋಕೆ ಹೊರಟಾಗ ಇವರಮ್ಮ ಬಾಗಿಲಿಗೆ ಅಡ್ಡ ಕೂತಿದ್ದರಂತೆ."

ಅವ್ವ ಲಿನ್ ಅವರನ್ನು ಮೊದಲ ಸಲ ನೆಟ್ಟಗೆ ನೋಡಿದರು. "ಅಪ್ಪಡಿಯಾ? ಆಮೇಲೆ ಇವನು ಏನ್ ಮಾಡ್ದ ಕೇಳು."

"ತಿಂಗಳು ಮುಗಿಯೋವರೆಗೂ ಸಾಮಾನು ಕಟ್ಟಿಕೊಂಡು ಹಳೇ ಮನೇಲೇ ಇದ್ದರಂತೆ."

ಅವ್ವನ ಮುಖ ಅರಳಿತು. ಮಗನಿಗೆ ಹೇಳಿದರು: "ಕೆಟ್ಟ ತಿಂಗ್ಳಿಗೆ ಹೆದ್ರೋರು, ಹೆತ್ತೋಳ ಮಾತು ಕೇಳೋರು, ಮೋಸ ಮಾಡಲ್ಲ ಕಣಪ್ಪ. ಪದಿನೆಟ್ಟಿಗೇ ಓಡಿಸು."

ವಿದೇಶಾಂಗ ನೀತಿ ಬರೆಯುವವರು ಈ ಮಾತನ್ನು ಒಮ್ಮೆ ಕೇಳಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಬ್ಬದ ದಿನ ಬೆಳಿಗ್ಗೆ ಅವ್ವ ಭವಾನಿ ಕೂಡುತುರೈಯಿಂದ, ಅಂದರೆ ಕಾವೇರಿ ಮತ್ತು ಭವಾನಿ ಸೇರುವ ಸಂಗಮದಿಂದ, ಒಂದು ಬಿಂದಿಗೆ ನೀರು ತರಿಸಿದ್ದರು. ಅದನ್ನು ನನ್ನ ಕೈಗೆ ಕೊಟ್ಟು "ನಿಮ್ಮೂರಿಂದ ಬಂದಿದ್ದು, ನೀನೇ ತಳಿ" ಎಂದರು. ನನ್ನದು ತುಂಗಭದ್ರೆಯ ಸೀಮೆ, ಕಾವೇರಿಯಲ್ಲಿ ನಾನು ಕಾಲು ಕೂಡ ತೊಳೆದವಳಲ್ಲ. ಆದರೂ ಮಾವಿನೆಲೆಯನ್ನು ಅದರಲ್ಲಿ ಅದ್ದಿ, ಯಂತ್ರದ ಸುತ್ತ ಹುಷಾರಾಗಿ ಚಿಮುಕಿಸಿದೆ. ಅವ್ವ ಗುಂಡಿ ಒತ್ತಿದರು. ಹಸಿರು, ಹಳದಿ ಪಟ್ಟೆಯ ಬಟ್ಟೆ ನಿಧಾನವಾಗಿ ಇಳಿಯತೊಡಗಿತು. ಅಣ್ಣ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಮೊದಲ ತುಂಡನ್ನು ಕತ್ತರಿಸಿ ಅವ್ವ ಲಿನ್ ಅವರ ಕೈಗಿಟ್ಟರು, ಅವರಮ್ಮನಿಗೆಂದು. ಮಧ್ಯಾಹ್ನ ಎಲ್ಲರಿಗೂ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನದ ಊಟ. ಮಾದರಿ ಬಟ್ಟೆ ಹೋಯಿತು, ಆರ್ಡರ್ ನಮಗೇ ಉಳಿಯಿತು. ಹಬ್ಬದ ಮಾರನೇ ದಿನ ಟಿವಿಯಲ್ಲಿ ಮತ್ತೆ ಗಡಿಯ ಸುದ್ದಿ ಬಂದಾಗ ಅಣ್ಣ ಮತ್ತೆ ಬೈದರು. ಲಿನ್ ಬಾಗಿಲಲ್ಲಿ ಕಂಡಾಗ ಸೌಂಡ್ ಕಡಿಮೆ ಮಾಡಿ "ವಾಂಗ, ಟೀ ಕುಡೀರಿ" ಎಂದರು.

ಆ ಸಂಜೆ ದಾವಣಗೆರೆಯಿಂದ ಅಮ್ಮನ ಫೋನು. "ವರಮಹಾಲಕ್ಷ್ಮಿ ಹಬ್ಬದ ದಿನ ನಿನ್ನ ತಮ್ಮ ಹೊಸ ಅಂಗಡಿ ಪೂಜೆ ಇಟ್ಕೊಂಡಿದಾನೆ ಕಣೇ. ರಜ ಹಾಕಿ ಬಾ."

"ಆಡಿಯಲ್ಲಾ ಅಮ್ಮ? ಈಗ ಯಾರಾದ್ರೂ ಅಂಗಡಿ ತೆಗೀತಾರಾ?" ಎಂದುಬಿಟ್ಟೆ.

ಅಮ್ಮ, ಜ್ವರ ಬಂದವಳನ್ನು ವಿಚಾರಿಸುವ ದನಿಯಲ್ಲಿ, ಕೇಳಿದಳು: "ಇಲ್ಲಿ ಶ್ರಾವಣ ಕಣೇ. ನಿನಗೆ ಯಾವ ತಿಂಗಳು ನಡೀತಿದೆ?"

"ಎರಡೂ ಅಮ್ಮ" ಎಂದೆ.