ಹತ್ತು ನಿಮಿಷದ ಕಲ್ಯಾಣದುರ್ಗ

ಕಾಶಿಗೆ ಹೋದವರು ಇಷ್ಟದ ತರಕಾರಿಯನ್ನೋ ಹಣ್ಣನ್ನೋ ಬಿಟ್ಟು ಬರುತ್ತಾರೆ. ಹಿಂದೂಪುರದ ಮದುವೆ ದಲ್ಲಾಳಿ ಚೌಡಣ್ಣ ಬಿಟ್ಟು ಬಂದದ್ದು ರಸ್ತೆಯನ್ನು. ಬದನೆಕಾಯಿ ಬಿಡಲು ಅವನಿಗೆ ಮನಸ್ಸಾಗಲಿಲ್ಲ.

ಮಗ್ಗದವರ ಬೀದಿಯಲ್ಲಿ ವಿಮಾನ ಹತ್ತಿದವನು ಅವನೊಬ್ಬನೇ. ಬೆಂಗಳೂರಿನಿಂದ ಕಾಶಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್, ಎರಡೂವರೆ ಗಂಟೆ, ನಡುವೆ ಒಂದು ಉಬ್ಬೂ ಇಲ್ಲ. ಹೋದದ್ದು ಒಂದೇ ಸಲ. ಹೇಳಿದ್ದು ಬೀದಿಯ ಪ್ರತಿ ಮನೆಯಲ್ಲೂ. ಅಂದಿನಿಂದ ಯಾವ ಊರಿನ ಸಂಬಂಧ ತಂದರೂ ಫೋನಿನ ನಕ್ಷೆಯಲ್ಲಿ ನೆಟ್ಟಗೆ ಗೆರೆ ಎಳೆದು, ಆಕಾಶದ ಲೆಕ್ಕದಲ್ಲೇ ದೂರ ಹೇಳುತ್ತಿದ್ದ. ಬಸ್ಸಲ್ಲಿ ಓಡಾಡುವವರನ್ನು ಕಂಡರೆ ಅವನಿಗೆ ಮರುಕ.

ಚಿನ್ನಕ್ಕ ಸೀರೆ ನೇಯುವವಳು. ಮಗಳು ಪ್ರಮೀಳಾಗೆ ಗಂಡು ಹುಡುಕುವಾಗ ಅವಳದ್ದು ಒಂದೇ ಷರತ್ತು. "ಮಗೂಗೆ ಜ್ವರ ಅಂದ್ರೆ ಬೆಳಿಗ್ಗೆ ಹೋಗಿ, ದೀಪ ಹಚ್ಚೋ ಹೊತ್ಗೆ ಮನೆಗೆ ಬರಂಗಿರ್ಬೇಕು ಕಣಪ್ಪ."

"ಕಲ್ಯಾಣದುರ್ಗ, ಚಿನ್ನಕ್ಕ. ಹುಡುಗ ತಿರುಮಲೇಶ್, ಬಟ್ಟೆ ಅಂಗಡಿ ಇಟ್ಟವ್ನೆ. ನೆಟ್ಟಗೆ ತೊಂಬತ್ತು ಕಿಲೋಮೀಟರ್. ವಿಮಾನದಾಗೆ ಹತ್ತು ನಿಮಿಷ."

"ವಿಮಾನ ಎಲ್ಲಿ ನಿಲ್ತದೆ, ಬಸ್‌ಸ್ಟ್ಯಾಂಡ್ ಒಳಗೋ ಹೊರಗೋ?"

"ಲೆಕ್ಕ ಹೇಳ್ದೆ ಕಣಮ್ಮ."

"ಹಂಗಾದ್ರೆ ನೀನೂ ಬಾ. ನಿನ್ ಲೆಕ್ಕಾನೂ ನೋಡ್ಕಂಡು ಬರಾನ."

ಬೆಳಿಗ್ಗೆಯೇ ಹೊರಟರು. ಮಡಕಶಿರದಲ್ಲಿ ಬಸ್ಸು ಬದಲಾಯಿಸಿದರು. ಪಾವಗಡದಲ್ಲಿ ಕಂಡಕ್ಟರ್ "ದಿಗಂಡಿ, ದಿಗಂಡಿ" ಎಂದು ಮತ್ತೆ ಇಳಿಸಿದ. ಅಲ್ಲಿಂದ ಮುಂದೆ ಶೇರ್ ಜೀಪು; ಚೌಡಣ್ಣನಿಗೆ ಸಿಕ್ಕ ಸೀಟು ಕಡಲೆಕಾಯಿ ಮೂಟೆ. ಆಕಾಶ ಮಾತ್ರ ಉದ್ದಕ್ಕೂ ಖಾಲಿಯಿತ್ತು.

ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಹುಡುಗನ ತಾಯಿ ಆದಿಲಕ್ಷ್ಮಮ್ಮ ಎಲೆ ಹಾಕಿ ಬದನೆಕಾಯಿ ಎಣ್ಣೆಗಾಯಿ ತಂದಿಟ್ಟಳು. ಮಾತು ಕುದುರುವ ತನಕ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ನೀರೂ ಮುಟ್ಟುವುದಿಲ್ಲ. ಅವರು ಮುಟ್ಟದೆ ದಲ್ಲಾಳಿ ಕೈ ಹಾಕುವಂತಿಲ್ಲ.

"ಎಲ್ಲಾ ಒಪ್ಪಿಗೆ ಆದಂಗೇ ಅಲ್ವಾ ಚಿನ್ನಕ್ಕ," ಚೌಡಣ್ಣ ಎಣ್ಣೆಗಾಯಿಯನ್ನೇ ನೋಡುತ್ತಾ ಕೇಳಿದ.

ಚಿನ್ನಕ್ಕ ಆದಿಲಕ್ಷ್ಮಮ್ಮನ ಕಡೆ ತಿರುಗಿದಳು. "ನಿಮ್ ತವರು ಯಾವೂರಮ್ಮ?"

"ಪರಿಗಿ. ನಿಮ್ ಪಕ್ಕಾನೇ."

"ಎಷ್ಟು ದಿನಕ್ಕೊಂದು ಸಲ ಹೋಯ್ತೀರ?"

ಆದಿಲಕ್ಷ್ಮಮ್ಮನ ಸೌಟು ಪಾತ್ರೆಯಲ್ಲೇ ನಿಂತಿತು. "ಹೋದ ಯುಗಾದಿಗೆ ಹೋಗಿದ್ದೆ. ಅಲ್ಲ, ಅದರ ಹಿಂದಿನ ಯುಗಾದಿ. ಅಮ್ಮಂಗೆ ಕಣ್ಣಿನ ಆಪರೇಷನ್ ಆಯ್ತು. ಈಗ ಚೆನ್ನಾಗಿ ಕಾಣ್ತದಂತೆ."

ಚಿನ್ನಕ್ಕ ಎಲೆಗೆ ಕೈಮುಗಿದು ಎದ್ದಳು. ಆದಿಲಕ್ಷ್ಮಮ್ಮ ತಡೆಯಲಿಲ್ಲ. "ಬೇಗ ಹೊರಡಿ, ಆಮೇಲೆ ಜೀಪು ಸಿಗಾಕಿಲ್ಲ," ಎಂದು ಬಾಗಿಲ ತನಕ ಬಂದಳು.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಪಾವಗಡದಲ್ಲೇ ಬಸ್ಸಿಗೆ ಕಾಯುತ್ತಿದ್ದರು. ಚೌಡಣ್ಣ ಒಣಗಿದ ಬನ್ನು ಕಚ್ಚುತ್ತಿದ್ದ. ಮೇಲೆ ಒಂದು ವಿಮಾನ ಮಿಣಮಿಣ ಎನ್ನುತ್ತಾ ಬೆಂಗಳೂರಿನ ಕಡೆ ಹೊರಟಿತ್ತು.

"ಕೈ ಅಡ್ಡ ಹಿಡಿ ಚೌಡಣ್ಣ," ಎಂದಳು ಚಿನ್ನಕ್ಕ. "ನಿನ್ ಗುರುತಿರ್ತದೆ, ನಿಲ್ಲುಸ್ತಾನೆ."