ತಗಡಿನ ಕೆಳಗೆ ಅಂಜನಾಬಾಯಿ

ಚುನಾವಣೆ ಅಂದರೆ ನನಗೆ ಮೈ ಉರಿಯುತ್ತದೆ. ಮೂರು ವಾರ ನನ್ನ ಹಿಟ್ಟಿನ ಗಿರಣಿಯ ಮುಂದೆ ಕೈ ಮುಗಿಯುವವರ ಸಾಲು, ಆಮೇಲೆ ಐದು ವರ್ಷ ಒಬ್ಬರ ಮುಖವೂ ಕಾಣುವುದಿಲ್ಲ. ಹಾಗಿದ್ದರೂ ಉಮರ್ಗಾ ಕಡೆಯ ನಮ್ಮ ಸಣ್ಣ ಪಟ್ಟಣದಲ್ಲಿ ಈ ಸಲ ಪುರಸಭೆಗೆ ನಿಂತು ಸೋತ ಕುರುಬರ ಅಂಜನಾಬಾಯಿಯ ಸುದ್ದಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ವಾರ್ಡಿನ ಮರಾಠಿ ಶಾಲೆ ನನ್ನ ಗಿರಣಿಯ ಪಕ್ಕದಲ್ಲೇ ಇದೆ. ಕಲ್ಲಿನ ಕೋಣೆಗಳು ಬಿರುಕು ಬಿಟ್ಟವೆಂದು ಮಕ್ಕಳನ್ನು ತಗಡಿನ ಶೆಡ್ಡಿಗೆ ಹಾಕಿ ಎಂಟು ವರ್ಷವಾಯಿತು. ಅಂಜನಾಬಾಯಿಯ ತವರು ಸಾಸ್ತೂರ. ತೊಂಬತ್ತಮೂರರ ಭೂಕಂಪದಲ್ಲಿ ಅಲ್ಲಿಯ ಶಾಲೆ ಬಿದ್ದಾಗ ಆಕೆ ಮೂರನೇ ಇಯತ್ತೆಯಲ್ಲಿ, ಅಂದರೆ ಮೂರನೇ ತರಗತಿಯಲ್ಲಿ ಇದ್ದಳು. ಆಮೇಲೆ ಒಂದು ಬೇಸಿಗೆ ತಗಡಿನ ಶಾಲೆಯಲ್ಲಿ ಕುದ್ದು, ಪಾಟಿ ಬಿಟ್ಟು ಕುರಿಯ ಹಿಂದೆ ಹೋದಳು. ಸಹಿ ಬಿಟ್ಟರೆ ಅಕ್ಷರವೆಲ್ಲ ಮರೆತಿತ್ತು. ಮರಾಠಿಯಲ್ಲಿ ಬರುವ ಪುರಸಭೆಯ ಬಜೆಟ್ಟನ್ನು ಮಗಳು ಪೂನಮ ಓದಿ ಹೇಳಬೇಕಿತ್ತು. ಅದನ್ನು ಕೇಳಿ ಕೇಳಿ ಆಕೆ ಹಿಡಿದದ್ದು ಒಂದೇ ಹಟ: ಮೊದಲು ಶಾಲೆಗೆ ಕಾಂಕ್ರೀಟಿನ ಸ್ಲ್ಯಾಬು, ಉಳಿದದ್ದೆಲ್ಲ ಆಮೇಲೆ.

“ಮಳಿ ಬಂತಂದ್ರ ನಾವು ಮೊದಲ ಮರಿ ಒಳಗ ಹಾಕ್ತೀವ್ರಿ. ಆಮ್ಯಾಲ ಕುರಿ, ಆಮ್ಯಾಲ ನಾವು. ಈ ಪುರಸಭಿಯವ್ರು ಮೊದಲ ತಾವೇ ಒಳಗ ಹೋಗ್ಯಾರ” ಎಂದು ಪ್ರಚಾರದಲ್ಲಿ ಹೇಳುತ್ತಿದ್ದಳು. ಮಂದಿ ನಗುತ್ತಿದ್ದರು.

ಆಕೆಯ ಸಮಾಜದವರಿಗೆ ಬೇಕಾಗಿದ್ದದ್ದು ಬೀರಪ್ಪನ ಗುಡಿಯ ಮುಂದೆ ಸಮಾಜ ಮಂದಿರ, ಮದುವೆ ಸಭೆಗಳಿಗೊಂದು ಭವನ. ಹಿರಿಯ ವೈಜಿನಾಥ, ಆಕೆಯ ಗಂಡನ ಅಣ್ಣ, ತಟ್ಟೆಯಲ್ಲಿ ಭಂಡಾರ ಹಿಡಿದು ಬಂದ. ಆ ಅರಿಶಿನವನ್ನು ಕೈಯಲ್ಲಿ ಹಿಡಿದು ಆಡಿದ ಮಾತು ಅವರಲ್ಲಿ ತಿರುಗುವುದಿಲ್ಲ.

“ಮಂದಿರ ತರ್ತೀನಂತ ಹೇಳು ಅಂಜನಾ. ಸಮಾಜದ ಮತ ಅಷ್ಟೂ ನಿಂದು.”

ಆಕೆ ಭಂಡಾರ ಹಿಡಿದಳು. ಸಿಟ್ಟಿನಲ್ಲಿ ಆಡಿದ ಮಾತೇ ಬೇರೆ: “ಶಾಳೀಗಿ ಸ್ಲ್ಯಾಬ ಮಂಜೂರ ಆಗೂತನಕ ದಿನಾ ಮಧ್ಯಾಹ್ನ ಒಂದ ತಾಸ ಆ ತಗಡಿನ ಬುಡಕ ಹುಡುಗೂರ ಜೋಡಿ ಕೂಡ್ತೀನಿ. ಬೀರಪ್ಪನ ಆಣಿ.”

ಗೆದ್ದರೆ ಕೂಡುತ್ತೇನೆ ಅನ್ನಬೇಕಿತ್ತು, ಪುಣ್ಯಾತ್ಗಿತ್ತಿ. ಅನ್ನಲಿಲ್ಲ.

ಸೋತಳು. ಮಂದಿರದ ಮಾತು ಕೊಟ್ಟ ಮೀನಲ ಗೆದ್ದಳು. ಮರುದಿನ ಒಂದು ಗಂಟೆಗೆ ಅಂಜನಾಬಾಯಿ ನೂಲುವ ಉಣ್ಣೆ ಹಿಡಿದುಕೊಂಡು ಮೂರನೇ ಇಯತ್ತೆಯ ಕೊನೆಯ ಸಾಲಿನಲ್ಲಿ ಕುಳಿತಿದ್ದಳು.

“ಸೋತ ಮ್ಯಾಲ ಯಾತರ ಆಣಿ?” ಎಂದು ನಾನು ರೇಗಿದೆ.

“ಬೀರಪ್ಪ ಮತ ಎಣಸ್ತಾನೇನ್ ವಿಜಯಕ್ಕಾ?” ಎಂದಳು.

ವಾರ ಕಳೆಯುವುದರೊಳಗೆ ಉಣ್ಣೆ ಮನೆಯಲ್ಲೇ ಉಳಿಯಿತು. ಪಕ್ಕದ ಹುಡುಗಿಯ ಪುಸ್ತಕದಲ್ಲಿ ಕಣ್ಣಿಟ್ಟು ಅಕ್ಷರ ಕೂಡಿಸತೊಡಗಿದ್ದಳು. ಊರು ನಗುತ್ತಿತ್ತು. ಶಿವರಾತ್ರಿ ಆಗುತ್ತಲೇ ಬಿಸಿಲು ಏರಿತು, ನಗುವವರೂ ತಗಡನ್ನು ನೋಡಿ ನಗು ಬಿಟ್ಟರು. ಬಜೆಟ್ ಸಭೆಗೆ ಎಂಟು ದಿನ ಇರುವಾಗ ವೈಜಿನಾಥ ಶಾಲೆಗೇ ಬಂದ.

“ಸಾಕಿನ್ನ. ಪೂಜಾರಿಗಿ ಹೇಳಿ ಆಣಿ ಬಿಡಸ್ತೀನಿ. ಸಮಾಜದ ಮಾನ ಹೋಗಾಕತ್ಯಾದ.”

“ಒಂದ ತಾಸ ಕೂತು ಆಮ್ಯಾಲ ಹೇಳ್ರಿ ಭಾವಾರ.”

ಮಕ್ಕಳೆದುರು ಇಲ್ಲ ಅನ್ನಲಾಗದೆ ಕುಳಿತ. ಅರ್ಧ ತಾಸಿಗೆ ಅವನ ತಲೆಯ ಪಟಕ ಬೆವರಿಗೆ ತೊಯ್ದು ಹೋಯಿತು. ಅದೇ ತರಗತಿಯ ಮೊಮ್ಮಗಳು ಮಯೂರಿ ಬಂದು ಪಾಠದ ನೋಟುಬುಕ್ಕಿನಿಂದ ಗಾಳಿ ಬೀಸಿದಳು.

“ಹಿಂಗ ಮಾಡಿದ್ರ ತಂಪ ಆಗ್ತದ ಅಜ್ಜಾ. ನಾವು ದಿನಾ ಮಾಡ್ತೀವಿ.”

ವೈಜಿನಾಥ ತಾಸು ಪೂರ್ತಿ ಕುಳಿತ. ಸಂಜೆ ಹಿರಿಯರನ್ನು ಕಟ್ಟಿಕೊಂಡು ಮೀನಲಳ ಮನೆಗೆ ಹೋಗಿ, ಮೊದಲು ಶಾಲೆ, ಮಂದಿರ ಬರುವ ವರ್ಷ ಎಂದು ಹೇಳಿ ಬಂದ.

ಸಭೆ ಮುಗಿದ ಮರುದಿನ ಮೀನಲ ತಾನೇ ಬಜೆಟ್ಟಿನ ಪ್ರತಿ ಹಿಡಿದು ಶೆಡ್ಡಿಗೆ ಬಂದಳು. “ಓದಿ ಹೇಳ್ತೀನಿ ಮೌಶಿ” ಎಂದಳು. ಅಂಜನಾಬಾಯಿ ಪ್ರತಿಯನ್ನು ಇಸಿದುಕೊಂಡು ಸಾಲಿನ ಮೇಲೆ ಬೆರಳಿಟ್ಟಳು. ಗಿರಣಿ ನಿಲ್ಲಿಸಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ನನಗೆ ಅಳು ತಡೆಯಲಾಗಲಿಲ್ಲ.

“ಶಾಳಾ... ದೋನ ಖೋಲ್ಯಾ... ಸ್ಲ್ಯಾಬ.” ಶಾಲೆಗೆ ಸ್ಲ್ಯಾಬಿನ ಎರಡು ಕೋಣೆ.

ಮೂರನೇ ಇಯತ್ತೆಯ ಮಕ್ಕಳು, ಪಾಠ ಓದಿದವರ ಹಿಂದೆ ಹೇಳುವ ರೂಢಿಯಂತೆ, ಆಕೆಯ ಹಿಂದೆಯೇ ಅದನ್ನು ಒಟ್ಟಿಗೆ ಹೇಳಿದವು.